ಸುನಂದಾಳ ಮದುವೆಯ ಕ್ಯಾಸೆಟ್ಟು

ಕಂಡದ್ದನ್ನು ಎರಡು ಸಲ ಪರೀಕ್ಷಿಸದೆ ನಾನು ಡೈರಿಯಲ್ಲಿ ಬರೆಯುವವನಲ್ಲ. ಯಾರಾದರೂ ದೆವ್ವ ಕಂಡೆ ಎಂದರೆ, ಎಷ್ಟು ಗಂಟೆಗೆ, ಎಷ್ಟು ದೂರದಿಂದ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಆರು ವರ್ಷಗಳ ಹಿಂದೆ ಚಿಕ್ಕೋಡಿಯ ನಮ್ಮ ಮನೆಯಲ್ಲಿ ನಡೆದದ್ದನ್ನು ಮಾತ್ರ ಇದುವರೆಗೂ ಬರೆದುಕೊಂಡಿಲ್ಲ. ಈಗ ಹೇಳುತ್ತಿದ್ದೇನೆ, ನೀವು ನಂಬಲೇಬೇಕೆಂದಿಲ್ಲ.

ಆಗ ನನಗೆ ಹೊರದೇಶದ ಹಳೆಯ ಚಿತ್ರಗಳ ಹುಚ್ಚು. ಮಿರಜದ ಗೆಳೆಯನೊಬ್ಬ ಮುಂಬಯಿಯಿಂದ ಎರವಲು ತರುತ್ತಿದ್ದ. ಎರಡು ವಿಸಿಆರ್ ಜೋಡಿಸಿ ನನ್ನ ಕ್ಯಾಸೆಟ್ಟಿಗೆ ಇಳಿಸಿಕೊಳ್ಳುತ್ತಿದ್ದೆ. ಜಪಾನಿ, ಇಟಾಲಿಯನ್, ಪೋಲಿಷ್, ಯಾವ ಭಾಷೆಯೂ ಬಾರದು. ಆದರೂ ಪ್ರತಿ ಚಿತ್ರದ ಭಾಷೆ, ಅವಧಿ, ನೋಡಿದ ದಿನ ಎಲ್ಲವನ್ನೂ ಒಂದು ವಹಿಯಲ್ಲಿ ಬರೆದಿಡುತ್ತಿದ್ದೆ. ಎದುರುಮನೆಯ ಜೈನರ ಪದ್ಮಕ್ಕನ ಮಗಳು ಸುನಂದಾ ಬಾಗಿಲಲ್ಲಿ ನಿಂತು, "ತಿಳೀಲಾರದ್ದ ನೋಡಿ ಏನ ಕಣ್ಣೀರ ಹಾಕತೀಲೇ?" ಎಂದು ಕಾಡುತ್ತಿದ್ದಳು.

ಅವಳನ್ನು ಉಗಾರಕ್ಕೆ ಕೊಟ್ಟರು. ಮರುವರ್ಷ ಮೊದಲ ಹೆರಿಗೆಯಲ್ಲಿ ತಾಯಿ, ಮಗು ಇಬ್ಬರೂ ಉಳಿಯಲಿಲ್ಲ. ಮದುವೆಯ ಕ್ಯಾಸೆಟ್ಟು ಇದ್ದದ್ದು ಒಂದೇ. ಅವರ ಮನೆಯಲ್ಲಿ ವಿಸಿಆರ್ ಇಲ್ಲದ್ದರಿಂದ ಅದು ನಮ್ಮ ಕಪಾಟಿನಲ್ಲೇ ಇತ್ತು. ಮಗಳು ಹೋದ ಮೇಲೆ ಅದನ್ನು ನೋಡುವ ಧೈರ್ಯ ಪದ್ಮಕ್ಕನಿಗೆ ಬರಲಿಲ್ಲ. ವರ್ಷ ತುಂಬಲಿ, ಆಮೇಲೆ ನೋಡುತ್ತೇನೆ ಎಂದು ನಮ್ಮ ಅವ್ವನಿಗೆ ಹೇಳಿದ್ದರು.

ಒಂದು ದಿನ ಎಣಿಸಿದಾಗ ಕಪಾಟಿನಲ್ಲಿ ಇಪ್ಪತ್ನಾಲ್ಕು ಕ್ಯಾಸೆಟ್ಟುಗಳಿದ್ದವು, ವಹಿಯಲ್ಲಿ ಇಪ್ಪತ್ಮೂರು. ಒಂದಕ್ಕೆ ಚೀಟಿ ಇರಲಿಲ್ಲ, ಮಳೆಗಾಲದ ತಂಪಿಗೆ ಉದುರಿತ್ತು. ವಹಿಯಲ್ಲಿಲ್ಲದ್ದು ಖಾಲಿಯೇ ಇರಬೇಕೆಂದು ತೀರ್ಮಾನಿಸಿ, ಒಮ್ಮೆ ಓಡಿಸಿಯೂ ನೋಡದೆ, ಅದರ ಮೇಲೆ ಪೋಲಿಷ್ ಚಿತ್ರವೊಂದನ್ನು ಇಳಿಸಿಬಿಟ್ಟೆ. ಮದುವೆಯ ಕ್ಯಾಸೆಟ್ಟು ಜೋಪಾನವಾಗಿದೆಯೇ ಎಂದು ವಾರದ ನಂತರ ಅವ್ವ ಕೇಳಿದಾಗ ಆ ಚೀಟಿಯಿಲ್ಲದ ಕ್ಯಾಸೆಟ್ಟನ್ನು ಹಚ್ಚಿ ಕೊನೆಯವರೆಗೂ ಓಡಿಸಿದೆ. ದೊಡ್ಡ ಚಿತ್ರ, ಟೇಪಿನ ತುದಿಯವರೆಗೂ ತುಂಬಿತ್ತು. ಸುನಂದಾ ಒಂದು ಚೂರೂ ಉಳಿದಿರಲಿಲ್ಲ. ಅವ್ವನಿಗೂ ಹೇಳಲಿಲ್ಲ.

ವರ್ಷ ತುಂಬಿದ ಮರುದಿನ, ಆಷಾಢದ ಮಬ್ಬು ಮಧ್ಯಾಹ್ನ, ಪದ್ಮಕ್ಕ ಬಂದರು. ಮನೆಯಲ್ಲಿ ನಾನೊಬ್ಬನೇ ಇದ್ದೆ. ವಿಸಿಆರ್ ಕೆಟ್ಟಿದೆ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವರು ಚಾಪೆ ಹಾಸಿಕೊಂಡು ಕುಳಿತು, "ಹಚ್ಚಪಾ, ಹೊತ್ತ ಮುಳಗೂದ್ರಾಗ ನಾ ಊಟಾ ಮಾಡಬೇಕ" ಎಂದರು. ಚಿತ್ರ ಕಂಡ ಕೂಡಲೇ ಇದೇನೆಂದು ಕೇಳುತ್ತಾರೆ, ಆಗ ಕಾಲು ಹಿಡಿಯುತ್ತೇನೆ ಎಂದುಕೊಂಡು ಗುಂಡಿ ಒತ್ತಿದೆ.

ಅವರು ಕೇಳಲಿಲ್ಲ. ಪರದೆಯ ಮೇಲೆ ಹಿಮ, ಕಲ್ಲಿನ ಬೀದಿ, ಉದ್ದ ಕೋಟಿನ ಜನ. ಜೋಳದೊಳಗಿನ ಸಣ್ಣ ಹರಳನ್ನೂ ಬಿಡದ ಕಣ್ಣು ಅವರದು. ಅದು ಅತ್ತಿತ್ತ ಕದಲಲಿಲ್ಲ. ಒಮ್ಮೆ ಸೆರಗಿನಿಂದ ಮೂಗು ಒರೆಸಿಕೊಂಡು, ಆ ಸೀರೆಯನ್ನು ನಿಪ್ಪಾಣಿಯಲ್ಲಿ ತಂದಿದ್ದೆವು ಎಂದರು. ನನಗೆ ಅಲ್ಲಿ ಸೀರೆ ಕಾಣಲಿಲ್ಲ.

ಚಿತ್ರದ ಕೊನೆಗೆ ನಾಯಕಿ ಹಿಮ ಸುರಿಯುವ ರೈಲು ನಿಲ್ದಾಣದಲ್ಲಿ ನಮಗೆ ಬೆನ್ನು ಮಾಡಿ ನಡೆದುಹೋಗುತ್ತಾಳೆ. ಮೂರು ಸಲ ನೋಡಿದ್ದೆ, ಅವಳು ತಿರುಗುವುದಿಲ್ಲ. ಪದ್ಮಕ್ಕ ನನ್ನ ಮೊಣಕೈ ಹಿಡಿದರು.

"ಈಗ ತಿರಗಿ ನೋಡ್ತಾಳ ನೋಡು. ಜೀಪ ಹತ್ತೂ ಮುಂದ ನನ್ನ ನೋಡಿ ನಕ್ಕಾಳ."

ಆ ಹೆಂಗಸು ತಿರುಗಿದಳು. ಅದು ಸುನಂದಾಳ ಮುಖವೆಂದು ನಾನು ಆಣೆ ಮಾಡಿ ಹೇಳಲಾರೆ. ಹಿಮ ದಟ್ಟವಾಗಿತ್ತು, ಎರಡು ಕ್ಷಣ ಅಷ್ಟೇ. ಆದರೆ ಅವಳು ನಕ್ಕಳು. ಆ ಚಿತ್ರದ ನಾಯಕಿ ಮೊದಲಿಂದ ಕೊನೆಯವರೆಗೆ ಒಮ್ಮೆಯೂ ನಗುವುದಿಲ್ಲ.

ಟೇಪು ಮುಗಿದು ನಿಂತಿತು. ತಪ್ಪೊಪ್ಪಿಕೊಳ್ಳಲು, "ಪದ್ಮಕ್ಕಾ, ಈ ಕ್ಯಾಸೆಟ್ಟಿನ್ಯಾಗ..." ಎಂದು ಶುರುಮಾಡಿದೆ. ಅವರು ಕೈಯೆತ್ತಿ ತಡೆದರು.

"ಕಣ್ಣ ತುಂಬ ನೋಡಿದ್ನಿ, ಸಾಕು. ಇದನ್ನ ನೀನ ಇಟ್ಕೋ. ನಿನ್ನ ಪಿಚ್ಚರ್ ಯಾವದರೆ ತುಂಬಕೋ."

ಅವರು ಹೋದ ಮೇಲೆ ಆ ದೃಶ್ಯವನ್ನು ಹನ್ನೊಂದು ಸಲ ಹಿಂದೆ ತಿರುಗಿಸಿ ನೋಡಿದೆ. ಬೆನ್ನು, ಹಿಮ, ರೈಲು. ಅಷ್ಟೇ.

ಪದ್ಮಕ್ಕ ನಿಜವಾಗಿ ಮಗಳನ್ನು ಕಂಡರೋ, ನನ್ನ ತಪ್ಪು ಗೊತ್ತಾಗಿ ನನ್ನನ್ನು ಉಳಿಸಲು ಕಂಡಂತೆ ಮಾಡಿದರೋ? ಹಾಗಿದ್ದರೆ ನಾನು ಕಂಡದ್ದೇನು? ಈಗ ಕೇಳಲು ಅವರೂ ಇಲ್ಲ, ತೀರಿಕೊಂಡು ಮೂರು ವರ್ಷವಾಯಿತು. ಅವರಿದ್ದಾಗ, ಇವತ್ತು ಕೇಳಿಯೇಬಿಡುತ್ತೇನೆ ಎಂದು ಎಷ್ಟೋ ಸಲ ಅವರ ಕಟ್ಟೆ ಹತ್ತಿದ್ದೆ. "ಬಾರಪಾ, ಚಾ ಕುಡಿ" ಎನ್ನುತ್ತಿದ್ದರು. ಕುಡಿದು ಎದ್ದು ಬರುತ್ತಿದ್ದೆ.