ಚೀಟಿ ಹೊರಗೆ ಕಾಣುವ ಹಾಗೆ

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಕೊನೆಯ ಫೋಟೋದ ಜೊತೆಗೇ ಮೊಬೈಲಿನಲ್ಲಿ ಹೊತ್ತೂ ದಾಖಲಾಗಿದೆ, ಹಾಗಾಗಿ ಅದರಲ್ಲಿ ನನಗೆ ಅನುಮಾನವಿಲ್ಲ. ಫೋಟೋದಲ್ಲಿ ಒಂದರ ಮೇಲೊಂದು ಪೇರಿಸಿದ ಮೆಣಸಿನಕಾಯಿ ಚೀಲಗಳ ನಿಟ್ಟು ನೆಟ್ಟಗೆ ನಿಂತಿದೆ. ಹನ್ನೆರಡು ಸಾಲು. ಪ್ರತಿ ಚೀಲದ ಬಿಳಿ ಚೀಟಿಯೂ ನನ್ನ ಕಡೆಗೇ ಮುಖ ಮಾಡಿದೆ. ಕೆಳಗೆ ಎಡಮೂಲೆಯಲ್ಲಿ ದೊಡ್ಡವ್ವನ ಹಸಿರು ಸೆರಗು ಸ್ವಲ್ಪ ಕಾಣುತ್ತದೆ. ಆ ಫೋಟೋ ತೆಗೆದು ನಾನು ಬಾಗಿಲ ಕಡೆಗೆ ತಿರುಗಿದೆ.

ದೊಡ್ಡವ್ವ ನನ್ನ ಸಂಬಂಧಿಯಲ್ಲ. ಬ್ಯಾಡಗಿಯ ನಮ್ಮ ಗೋದಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರಲ್ಲಿ ಹಿರಿಯಳು. ಎಲ್ಲರೂ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ನಾನು ಹಾವೇರಿಯಲ್ಲಿ ಬಿ.ಎಸ್ಸಿ. ಮುಗಿಸಿ, ಅಲ್ಲಿಂದಲೇ ದಿನಾ ಬಸ್ಸಿನಲ್ಲಿ ಬ್ಯಾಡಗಿಗೆ ಹೋಗಿಬರುತ್ತೇನೆ. ಹೊರದೇಶಕ್ಕೆ ಹೋಗುವ ಮಾಲಿನ ಪರೀಕ್ಷೆ, ಕಾಗದ, ಚೀಟಿ ನನ್ನ ಕೆಲಸ.

ನಾನು ಸೇರಿದ ಹೊಸದರಲ್ಲಿ ಯುರೋಪಿಗೆಲ್ಲ ಒಂದೇ ಚೀಟಿ ಸಾಕಿತ್ತು. ಕಂಟೇನರು ಹಾಲೆಂಡಿನ ಬಂದರಿನಲ್ಲಿ ಇಳಿಯುತ್ತಿತ್ತು. ಬ್ರಿಟನ್ನಿನ ಸಣ್ಣ ಮಸಾಲೆ ಕಂಪನಿಯೊಂದು ತನಗೆ ಬೇಕಾದಷ್ಟನ್ನು ಅಲ್ಲಿಂದಲೇ ಲಾರಿಯಲ್ಲಿ ಒಯ್ಯುತ್ತಿತ್ತು. ಆ ದೇಶ ಯುರೋಪಿನ ಒಕ್ಕೂಟ ಬಿಟ್ಟಿತು. ಆಮೇಲೆ ಅವರದೇ ವಿಳಾಸದ ಬೇರೆ ಚೀಟಿ ಬೇಕಾಯಿತು, ಬೇರೆ ಪ್ರಮಾಣಪತ್ರ ಬೇಕಾಯಿತು. ಮಾಲು ಎಷ್ಟು ಕಡಿಮೆಯಿದ್ದರೂ ಕಾಗದ ಅಷ್ಟೇ. ಅಲ್ಲಿನ ಎಷ್ಟೋ ಸಣ್ಣ ಕಂಪನಿಗಳು ತರಿಸುವುದನ್ನೇ ನಿಲ್ಲಿಸಿದವು. ನಮಗೆ ಉಳಿದದ್ದು ಆ ಒಂದೇ ಕಂಪನಿ. ಅದರ ಹಿಂದಿನ ಮಾಲೂ ಚೀಟಿಯ ಮೇಲೆ ಹಳೆಯ ವಿಳಾಸವಿದ್ದುದಕ್ಕೆ ಅವರ ಬಂದರಿನಲ್ಲಿ ವಾರಗಟ್ಟಲೆ ನಿಂತಿತ್ತು. ಆ ವಿಳಾಸ ಹಾಕಿದವಳು ನಾನೇ. ಈ ಸಲ ಅವರು, ಚೀಟಿ ಕಾಣುವ ಹಾಗೆ ಫೋಟೋ ಕಳಿಸಿ ಎಂದು ಬರೆದಿದ್ದರು. ನನಗೆ ಹೆದರಿಕೆಯಿತ್ತು. ಒಂದು ಚೀಟಿಯೂ ತಪ್ಪದಂತೆ ಎಲ್ಲ ಚೀಲಗಳನ್ನೂ ಮುಖ ಹೊರಗೆ ಮಾಡಿ ಇಡಲು ಹೇಳಿದೆ.

ಹಮಾಲರ ಹಿರಿಯ ಹಲಗೇರಿಯವನು. ಅವನನ್ನು ಕಾಕಾ ಅನ್ನುತ್ತೇನೆ. ಅವನು ಚೀಲ ಇಳಿಸಿ ಸೊಂಟಕ್ಕೆ ಕೈಯಿಟ್ಟು ನಿಂತ.

"ಅಕ್ಕಾರ, ಎಲ್ಲಾ ಚೀಲಾನೂ ಒಂದ ದಿಕ್ಕಿಗೆ ಇಟ್ರ ನಿಟ್ಟು ನಿಲ್ಲೂದಿಲ್ರಿ. ಒಂದ ಸಾಲು ಉದ್ದ, ಒಂದ ಸಾಲು ಅಡ್ಡ ಇರಬೇಕ್ರಿ. ಅಂದ್ರ ಒಂದಕ್ಕೊಂದು ಹಿಡಕೊಂಡಿರತಾವು."

"ಒಂದ ತಾಸು ಕಾಕಾ. ಫೋಟೋ ತೆಗದ ಮ್ಯಾಲೆ ಮೊದಲಿನಂಗ ಹಚ್ರಿ."

"ಇಂಗ್ಲೀಷರು ಬಿಟ್ಟ ಹೋಗಿ ಎಷ್ಟ ವರ್ಷಾತು! ಹಂಗ ತಿರುಗಿಸ್ರಿ, ಹಿಂಗ ತಿರುಗಿಸ್ರಿ ಅಂತ ಅವರ ಹುಕುಂ ಇನ್ನೂ ಬರಾಕತ್ತಾವ ನೋಡ್ರಿ."

ನಿಟ್ಟಿನ ಬುಡದಲ್ಲಿ ಕೂತಿದ್ದ ದೊಡ್ಡವ್ವ ತಲೆ ಎತ್ತಲಿಲ್ಲ. ಅವಳ ಹೆಬ್ಬೆರಳು, ತೋರುಬೆರಳು ಟಕ್ ಟಕ್ ಎಂದು ತೊಟ್ಟು ಮುರಿಯುತ್ತಲೇ ಇದ್ದವು. "ಅವ್ರ ಮನ್ಯಾಗ ಪಾಲಾಗೈತಂತೋ. ಬ್ಯಾರೆ ಒಲಿ ಹೂಡಿದ ಮ್ಯಾಲೆ ಬ್ಯಾರೆ ಚೀಟಿ ಬ್ಯಾಡೇನು?"

"ಪಾಲಾದವ್ರು ಅವ್ರು, ಚೀಲ ಹೊರಾಂವ ನಾನಾ?"

"ಮತ್ಯಾರು? ನಿಮ್ಮಪ್ಪನ್ನ ಕರಸೋಣೇನು?"

ಹೆಂಗಸರು ನಕ್ಕರು. ಕಾಕಾನೂ ನಕ್ಕು ಚೀಲ ಎತ್ತಿದ. ನಾನೂ ನಕ್ಕೆ. ನಿಟ್ಟಿನ ಬುಡದಿಂದ ಹೆಂಗಸರನ್ನು ಎಬ್ಬಿಸಿ ಆಚೆ ಕೂರಿಸಬೇಕೆಂದು ನನಗೆ ಹೊಳೆಯಲಿಲ್ಲ.

ಕೊನೆಯ ಫೋಟೋ ತೆಗೆದು ತಿರುಗಿದ ಕೂಡಲೇ ನಿಟ್ಟು ಬಿತ್ತು. ದೊಡ್ಡ ಸದ್ದೇನೂ ಆಗಲಿಲ್ಲ. ಮೆತ್ತಗೆ, ಒಂದರ ಹಿಂದೊಂದು. ತಿರುಗಿ ನೋಡಿದರೆ ಗೋದಾಮಿನ ತುಂಬ ಕೆಂಪು ಧೂಳು. ಕಣ್ಣು ಬಿಡಲಾಗಲಿಲ್ಲ. ಉಳಿದ ಹೆಂಗಸರು ಕೆಮ್ಮುತ್ತ ಹೊರಗೆ ಓಡಿ ಬಂದರು. ದೊಡ್ಡವ್ವ ಬರಲಿಲ್ಲ. ಚೀಲಗಳ ಕೆಳಗಿನಿಂದ ಅವಳ ಕೆಮ್ಮು ಕೇಳುತ್ತಿತ್ತು. ಕಾಕಾ ಚೀಲ ಎಳೆದು ಎಸೆಯುತ್ತಿದ್ದ. ನಾನೂ ಎಳೆದೆ. ನಡುವೆ ಕೆಮ್ಮು ನಿಂತಿತು.

ಈಗಲೂ ನನ್ನೊಳಗೆ ಮತ್ತೆ ಮತ್ತೆ ಬರುವುದು ಅದೇ ಹೊತ್ತು. ಕೆಮ್ಮು ನಿಂತಾಗ ನಾನು ಕೈಯಲ್ಲಿದ್ದ ಚೀಲದ ಚೀಟಿಯನ್ನು ಓದಿದೆ. ವಿಳಾಸ ಸರಿಯಾಗಿತ್ತು.

ಹೊರತೆಗೆದಾಗ ಅವಳಿಗೆ ಉಸಿರಿತ್ತು. ಬಲಗೈ ಮಣಿಕಟ್ಟು ತಿರುಗಬಾರದ ಕಡೆಗೆ ತಿರುಗಿತ್ತು. ಗೋದಾಮಿನ ಮಾಲೀಕ ಸಾಹುಕಾರರ ಗಾಡಿಯಲ್ಲಿ ರಾಣೇಬೆನ್ನೂರಿನ ಎಲುಬಿನ ಡಾಕ್ಟರ ಹತ್ತಿರ ಕರೆದೊಯ್ದೆವು. ಜೀವಕ್ಕೆ ಅಪಾಯವಿಲ್ಲ, ಆದರೆ ಹೆಬ್ಬೆರಳಿಗೆ ಮೊದಲಿನ ಬಲ ಬರುತ್ತದೋ ಇಲ್ಲವೋ ಈಗಲೇ ಹೇಳಲಾಗುವುದಿಲ್ಲ ಎಂದರು ಡಾಕ್ಟರು. ತೊಟ್ಟು ಮುರಿಯುವುದು ಹೆಬ್ಬೆರಳಿನಿಂದ. ಅವಳಿಗೆ ಬೇರೆ ದುಡಿಮೆಯಿಲ್ಲ.

ಆಸ್ಪತ್ರೆಯ ಬಾಗಿಲಲ್ಲೇ ಸಾಹುಕಾರರು ಕಾಕಾನ ಮೇಲೆ ಹರಿಹಾಯ್ದರು. "ಕೂದಲು ಬೆಳ್ಳಗಾದ್ರೂ ನಿಟ್ಟು ಹಚ್ಚಾಕ ಬರೂದಿಲ್ಲೇನು?" ಕಾಕಾ ನನ್ನ ಕಡೆಗೆ ಒಮ್ಮೆ ನೋಡಿದ. ನಾನು ನೆಲ ನೋಡಿದೆ. ಅವನು ಟವೆಲು ಹೆಗಲಿಗೆ ಹಾಕಿಕೊಂಡು ಬಸ್ ನಿಲ್ದಾಣದ ಕಡೆಗೆ ನಡೆದ. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ.

ಎರಡು ದಿನ ಬಿಟ್ಟು ಬ್ರಿಟನ್ನಿನಿಂದ ಉತ್ತರ ಬಂತು. ಫೋಟೋಗಳು ಚೆನ್ನಾಗಿವೆ, ಇಷ್ಟೊಂದು ಬೇಕಿರಲಿಲ್ಲ, ಒಂದು ಚೀಲದ್ದು ಕಳಿಸಿದ್ದರೆ ಸಾಕಿತ್ತು ಎಂದಿತ್ತು. ಓದಿ ಮುಚ್ಚಿದೆ. ಊಟದ ಡಬ್ಬಿ ಬಿಚ್ಚಿ ಪೂರ್ತಿ ಊಟ ಮಾಡಿದೆ. ರುಚಿ ಏನೂ ತಿಳಿಯಲಿಲ್ಲ. ಆ ದಿನಗಳಲ್ಲಿ ಎಲ್ಲವೂ ಹಾಗೆಯೇ ಇತ್ತು. ಮಲಗಿದರೆ ಎಚ್ಚರವಾಗುತ್ತಿತ್ತು. ಪಕ್ಕದಲ್ಲಿ ಅವ್ವ ಕೆಮ್ಮಿದರೆ ಏಳುತ್ತಿದ್ದೆ. ಕೆಮ್ಮು ನಿಂತರೂ ಏಳುತ್ತಿದ್ದೆ.

ಮೂರನೆಯ ವಾರ ದೊಡ್ಡವ್ವನ ಮನೆಗೆ ಹೋದೆ. ಪ್ಲಾಸ್ಟರಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು.

"ಹಂಗ ಹಚ್ಚಂತ ಹೇಳಿದ್ದು ನಾನು, ದೊಡ್ಡವ್ವ," ಎಂದೆ.

"ಗೊತ್ತೈತಿ. ನಾ ಅಲ್ಲೇ ಕುಂತಿದ್ನೆಲ್ಲ, ಕಿವುಡಿ ಏನು ನಾ?" ಎಂದಳು. ಕೈಯನ್ನು ತೊಡೆಯ ಮೇಲೆ ಸರಿಸಿಕೊಂಡು, "ನನ್ನ ಮುಂದ ಹೇಳಿ ಏನು ಮಾಡ್ತಿ? ಸಾಹುಕಾರ್ರ ಮುಂದ ಹೇಳು. ಆಂವ ಸುಮ್ಮ ಸುಮ್ಮನ ಬೈಸಿಕೊಂಡು ಹೋಗ್ಯಾನ."

ಅವಳು ನನ್ನನ್ನು ಬೈಯಲಿಲ್ಲ. ಅವಳ ಸೊಸೆ ಕೊಟ್ಟ ಚಹಾ ಕುಡಿದೆ. ಎದ್ದಾಗ, "ಈ ಕೈ ಬಂದ್ರ ನಾನೂ ಬರ್ತೇನಿ," ಎಂದಳು.

ಮರುದಿನ ಸಾಹುಕಾರರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಮೊದಲ ಯಾಕ ಹೇಳಲಿಲ್ಲವ್ವಾ?" ಎಂದರು. ಕಾಕಾನಿಗೆ ಅವರೇ ಫೋನ್ ಮಾಡಿದರು. ಅವನು ಬಂದು ನನ್ನ ಕಡೆ ನೋಡದೆ, ಇದ್ದ ನಿಟ್ಟುಗಳನ್ನೆಲ್ಲ ಒಂದು ಸಾಲು ಉದ್ದ, ಒಂದು ಸಾಲು ಅಡ್ಡ ಹಚ್ಚಿದ. ಚೀಟಿಗಳು ಅರ್ಧ ಒಳಗೆ, ಅರ್ಧ ಹೊರಗೆ. ನಾನು ಒಂದು ಚೀಲದ ಫೋಟೋ ತೆಗೆದೆ. ಹೆಂಗಸರ ಜಾಗವನ್ನು ನಿಟ್ಟಿನಿಂದ ದೂರ, ಬಾಗಿಲ ಹತ್ತಿರ ಮಾಡಿದೆವು.

ಪ್ಲಾಸ್ಟರು ಬಿಚ್ಚಿ ತಿಂಗಳಾದ ಮೇಲೆ, ಒಂದು ಸೋಮವಾರ ದೊಡ್ಡವ್ವ ಬಂದಳು. ಕೈ ಸಣ್ಣಗಾಗಿತ್ತು. ಬಾಗಿಲ ಹತ್ತಿರ ಕೂತು ಒಂದು ಮೆಣಸಿನಕಾಯಿ ತೆಗೆದುಕೊಂಡಳು. ಹೆಬ್ಬೆರಳು ಜಾರಿತು. ಇನ್ನೊಮ್ಮೆ ಒತ್ತಿದಳು, ಮತ್ತೆ ಜಾರಿತು. ಕಾಕಾ ಹೆಗಲ ಮೇಲಿನ ಚೀಲವನ್ನೂ ಇಳಿಸದೆ ನಿಂತಿದ್ದ.

ಟಕ್.

"ಏನ ನೋಡ್ತಿ? ಚೀಲ ಇಳಸು, ಸೊಂಟ ಹೋಗತೈತಿ," ಎಂದು ಅವನಿಗೆ ಹೇಳಿ, ಇನ್ನೊಂದು ಮೆಣಸಿನಕಾಯಿ ತೆಗೆದುಕೊಂಡಳು. ಮೊದಲಿನ ವೇಗ ಇರಲಿಲ್ಲ. ಸಂಜೆಗೆ ಬೇರೆಯವರ ಅರ್ಧದಷ್ಟೂ ಆಗಿರಲಿಲ್ಲ.

ಆ ಸಂಜೆ ಹಾವೇರಿಯ ಬಸ್ಸಿನಲ್ಲಿ ನಿಂತೇ ಬಂದೆ. ಮನೆಗೆ ಬಂದು ಕೈಕಾಲು ತೊಳೆದು, ಅವ್ವ ರೊಟ್ಟಿ ಬಡಿಯುವಷ್ಟರಲ್ಲಿ ಗೋಡೆಗೊರಗಿದೆ. ಕಣ್ಣು ಬಿಟ್ಟಾಗ ಹೊರಗೆ ಹಾಲಿನವನ ಸೈಕಲ್ಲು ನಿಂತಿತ್ತು, ಬೆಳಕಾಗಿತ್ತು. ರಾತ್ರಿ ಒಮ್ಮೆಯೂ ಎಚ್ಚರವಾಗಿರಲಿಲ್ಲ. ಮೈಮೇಲೆ ಯಾರೋ ಚಾದರ ಹೊದಿಸಿದ್ದರು.