ಸಮುದ್ರ ಹೊಳ್ಳಿ ಕೊಟ್ಟ ಉಡಿ

ನನಗ ಸಂಶಯ ಭಾಳ ಅಂತ ನಮ್ಮನಿಯವ್ರು ಊರ ತುಂಬ ಹೇಳ್ಕೋತ ತಿರಗತಾರ. ಖರೇ ಐತಿ, ಸುಳ್ಳ ಯಾಕ ಹೇಳ್ಲಿ. ಹಾಲಿನಾಕಿ ನಕ್ಕೋತ ಬಂದ್ಲಂದ್ರ ಇವತ್ತ ಹಾಲಿಗೆ ಒಂದ ಚರಿಗಿ ನೀರು ಹೆಚ್ಚ ಬಿದ್ದೈತಿ ಅಂತ ತಿಳ್ಕೊಂಡುಬಿಡ್ತೀನಿ. ಆದ್ರ ಅದು ನನ್ನ ತಪ್ಪಲ್ಲ. ನನ್ನ ತವರಮನಿ ಹೊಳೆಮಣ್ಣೂರ. ಮಲಪ್ರಭಾ ದಂಡಿ ಮ್ಯಾಲ ಹುಟ್ಟಿದಾಕಿ ಯಾರನ್ನೂ ಲಗೂನ ನಂಬೂದಿಲ್ಲ. ಸಂಜಿ ಮುಂದ ಸುಮ್ನ ಹರಿಯೂ ಹೊಳಿ ಬೆಳಗಾಗೂದ್ರಾಗ ಪಡಸಾಲ್ಯಾಗ ಬಂದ ನಿಂತಿರ್ತಿತ್ತು. ಒಂದ ಸರ್ತಿ ನಮ್ಮ ಎಮ್ಮಿಕರು, ಮೇವಿನ ಬಣವಿ, ನಾ ಮಲಗಿ ಬೆಳೆದ ತೊಟ್ಟಿಲ, ಎಲ್ಲಾ ಒಯ್ತು. ಹೊಳಿ ಒಯ್ದದ್ದನ್ನ ಹೊಳ್ಳಿ ಕೊಡೂದಿಲ್ಲ.

ಅದಕ್ಕ ಹೊಳಿ ತುಂಬಿ ಬಂದಾಗ ನಮ್ಮ ಕಡೆ ಮುತ್ತೈದೇರು ಗಂಗವ್ವಗ ಉಡಿ ತುಂಬತೀವಿ. ಕುಬಸದ ಖಣದಾಗ ಅಕ್ಕಿ, ಕಾಯಿ, ಅರಿಷಿಣ, ಹಸರ ಬಳಿ ಇಟ್ಟು ಗಂಟು ಕಟ್ಟಿ ನೀರಿಗೆ ಬಿಡೂದು. ಒಯ್ದ್ಲಂದ್ರ ಒಪ್ಪಿಕೊಂಡ್ಲು, ಗಂಡನ ಆಯುಷ್ಯ ಗಟ್ಟಿ. ಒಂದ ಸಲಾನೂ ಆಕಿ ಒಲ್ಲೆ ಅಂದದ್ದು ನಾ ನೋಡಿಲ್ಲ.

ಎರಡ ವರ್ಷದ ಹಿಂದ, ಮಳಿಗಾಲದಾಗ, ನಮ್ಮನಿಯವ್ರು ಊಟಕ್ಕ ಕುಂತವ್ರು ಒಮ್ಮಿಗೇ, "ನಾಳೆ ಕಾರವಾರಕ್ಕ ಹೋಗಿ ಬರೂಣು ನಡಿ. ತುಫಾನಿಗೆ ತೆಂಗಿನ ಗಿಡದಷ್ಟ ಎತ್ತರ ತೆರಿ ಏಳಾಕತ್ತಾವಂತ. ಮೊಬೈಲ್‌ನ್ಯಾಗ ನೋಡಿದ್ನಿ" ಅಂದ್ರು.

ರೊಟ್ಟಿ ಹಾಕೂ ಕೈ ನಿಂತ ಬಿಡ್ತು. ರೋಣದಾಗ ಅರಿವಿ ಅಂಗಡಿ ಇಟ್ಟ ಮನುಷ್ಯಾ, ಅಂಗಡಿ ಬಾಗಲಾ ಹಾಕಿ ನರಗುಂದಕ್ಕ ಮದುವಿಗೆ ಹೋಗಂದ್ರ ಹತ್ತ ನೆವ ಹೇಳಾವ್ರು! ಬೆಳ್ಳಗಿರೂದೆಲ್ಲಾ ಹಾಲಲ್ಲ ಅಂತ ಮನಸ್ಸಿನ್ಯಾಗ ಅಂದ್ಕೊಂಡ್ನಿ.

ನಮ್ಮ ಮಾವನವ್ರ ಕಾಲದ ಬಿಳೇ ಅಂಬಾಸಡರ್ ಗಾಡಿ ಐತಿ. ನಾ ಮದಲಗಿತ್ತಿ ಆಗಿ ಈ ಮನಿಗೆ ಬಂದದ್ದು ಅದರಾಗನ. ಅದರ ಸ್ಟೇರಿಂಗ್ ನಮ್ಮನಿಯವ್ರು ಹಡದ ಮಗನ ಕೈಯಾಗೂ ಕೊಟ್ಟವ್ರಲ್ಲ. ಅಂಥಾವ್ರು ಅವತ್ತ ನಸಿಕಿನ್ಯಾಗ ಗಜೇಂದ್ರಗಡದ ಮಿಸ್ತ್ರಿಗೆ ಚಾವಿ ಕೊಟ್ಟು, ಹಿಂದಿನ ಸೀಟಿನ್ಯಾಗ ನನ್ನ ಬಾಜೂಕ ಬಂದ ಕುಂತ್ರು. ಮಿಸ್ತ್ರಿ ಅಂದ್ರ ಇವರ ಸಾಲಿ ಗೆಳೆಯಾ, ಸಾಬರ ಪೈಕಿ, ಗ್ಯಾರೇಜ್ ಇಟ್ಕೊಂಡಾರ. ಆ ಗಾಡಿ ಅವರ ಗ್ಯಾರೇಜಿನ್ಯಾಗ ಎಂಟ ದಿನ ಇದ್ದು ಬಂದಿತ್ತು. ಆ ಎಂಟೂ ದಿನ ನಮ್ಮನಿಯವ್ರು ಮುಂಜಾನೆ ಬಸ್ಸಿಗೆ ಹೋಗಿ ಸಂಜಿಗೆ ಬಂದಿದ್ರು. ಇಬ್ಬರೂ ಫೋನಿನ್ಯಾಗ ಗುಸುಗುಸು, ನಾ ಹೋದ್ರ ಬಾಯಿ ಬಂದ್.

"ಗಾಡಿಗೆ ಏನಾಗಿತ್ತು ಭಾಯಿ?" ನವಲಗುಂದ ದಾಟೂದ್ರಾಗ ಕೇಳಿದ್ನಿ.

"ಬ್ರೇಕ್ ರೀ ವೈನಿ" ಅಂದ್ರು ಮಿಸ್ತ್ರಿ. ಅದ ಹೊತ್ತಿಗೆ ನಮ್ಮನಿಯವ್ರು "ಕ್ಲಚ್" ಅಂದ್ರು.

ಸಿಕ್ಕಬಿದ್ರಲ್ಲಾ! ಗಾಡಿ ಮಾರತಾರ, ಕಾರವಾರದಾಗ ಗಿರಾಕಿ ಹುಡುಕ್ಯಾರ, ಸಮುದ್ರ ಅಂಬೂದು ಬರೇ ನೆವ. ಘಟ್ಟದಾಗ ಮಳಿ ಧೋ ಧೋ ಸುರೀತಿತ್ತು, ವೈಪರ್ ಕಿರ್ ಕಿರ್ ಅಂತಿತ್ತು, ನಾ ಮೋತಿ ಉಬ್ಬಿಸ್ಕೊಂಡ ಕುಂತಿದ್ನಿ. ನಮ್ಮನಿಯವ್ರು ಒಂದ ಸರ್ತಿ ನನ್ನ ಕೈ ಹಿಡಕೊಂಡ್ರು. ಮಾರೂ ಮುಂದ ಪುಸಲಾಯಿಸಾಕತ್ತಾರ ಅಂತ ಕೈ ಕಿತ್ಗೊಂಡ್ನಿ. ಅದನ್ನ ನೆನಸಿದ್ರ ಇವತ್ತಿಗೂ ನನ್ನ ಕೈ ನನಗ ಬ್ಯಾಡಾಗ್ತೈತಿ.

ಯಲ್ಲಾಪುರ ದಾಟಿ ಚಾದಂಗಡಿ ಮುಂದ ನಿಂತ್ವಿ. ಇವರು ಮುಖಾ ತೊಳಕೊಳ್ಳಾಕ ಹಿಂದಕ್ಕ ಹೋದದ್ದ ನೋಡಿ ಮಿಸ್ತ್ರೀನ್ನ ಹಿಡದ್ನಿ. "ನನ್ನ ಮದುವಿ ಗಾಡಿ ಮಾರಾಕ ನೀವ ದಲಾಲಿ ಆದ್ರೇನ ಭಾಯಿ? ನಿಮಗ ಎಷ್ಟ ಸಲ ರೊಟ್ಟಿ ಬಡದ ಹಾಕೇನಿ, ಖರೇ ಹೇಳ್ರಿ."

ಮಿಸ್ತ್ರಿ ಕಪ್ಪು ಕೆಳಗಿಟ್ರು. ಅವರ ಕಣ್ಣಾಗ ನೀರು ನಿಂತಿತ್ತು. "ಗಾಡಿ ಅಲ್ರಿ ವೈನಿ. ಗಾಡಿ ಚಲೋ ಐತಿ. ಅವನ ಎದಿ ಚಲೋ ಇಲ್ಲ. ಎಂಟೂ ದಿನ ಹುಬ್ಬಳ್ಳಿ ದವಾಖಾನಿಗೆ ಹೋಗಿದ್ವಿ. ಸೋಮವಾರ ಆಪರೇಶನ್ ಐತಿ. ಏಳತೀನೋ ಇಲ್ಲೋ, ಆಕಿನ್ನ ಕರ್ಕೊಂಡ ಹೋಗಿ ಒಮ್ಮೆ ಸಮುದ್ರ ನೋಡ್ತೀನಿ ಅಂದ. ನಿಮಗ ಹೇಳಬ್ಯಾಡ ಅಂತ ಆಣಿ ಹಾಕ್ಯಾನ."

ಅವತ್ತ ಶುಕ್ರವಾರ.

ಗಾಡ್ಯಾಗ ಕುಂತು ಇವರ ಕೈ ನಾನ ಹಿಡಕೊಂಡ್ನಿ. ಪಾಪ, ಸಿಟ್ಟ ಇಳೀತು ಅಂದ್ಕೊಂಡ್ರು.

ಯವ್ವಾ, ಆ ಸಮುದ್ರ! ಮುಗಿಲಿನ ಬಣ್ಣಾನ ನೀರಿನ ಬಣ್ಣ. ತೆರಿ ಎದ್ದು ಬಂದು ದಂಡೀಗೆ ಹಾಕಿದ ಕಲ್ಲಿಗೆ ಬಡದ್ರ ನೆಲಾ ನಡಗತಿತ್ತು. ನಮ್ಮನಿಯವ್ರು ಗಾಡಿಗೆ ಬೆನ್ನ ಹಚ್ಚಿ ನಿಂತು ಸಣ್ಣ ಹುಡುಗರಂಗ ಚಪ್ಪಾಳಿ ಹೊಡೀತಿದ್ರು. ನೀರಿನ ಮುಂದ ಬರಿಗೈಲೆ ನಿಲ್ಲಬಾರದಂತ ನಾ ಮನಿಂದ ಕಟ್ಕೊಂಡ ಬಂದ ಉಡಿಗಂಟು ತಗೊಂಡು ಕಲ್ಲಿನ ಅಂಚಿಗೆ ಹೋದ್ನಿ. ಗಂಗವ್ವನ ದೊಡ್ಡ ಮನಿ ಇದ, ಇಲ್ಲೇ ಬೇಡಿಕೊಂಡ್ರ ಆತು ಅಂದು ಕಣ್ಣ ಮುಚ್ಚಿ ಒಗದ್ನಿ.

ತೆರಿ ಒಯ್ತು. ಕೈ ಮುಗದು ಕಣ್ಣ ತೆಗೀತೀನಿ, ಗಂಟು ನನ್ನ ಕಾಲಾಗ ಐತಿ.

ಮತ್ತೊಮ್ಮೆ ಒಗದ್ನಿ. ಮತ್ತ ಬಂತು. ಮೂರನೇ ಸಲ ತೆರಿ ಹೊಡತಕ್ಕ ಗಂಟು ಬಿಚ್ಚಿ, ಅಕ್ಕಿ ಚೆಲ್ಲಿ, ಬರೇ ಕಾಯಿ ಮತ್ತ ಖಣ ಹೊಳ್ಳಿ ಬಂದ್ವು. ಹೊಳಿದಂಡಿ ಮಂದಿ ನಾವು, ಕೊಟ್ಟದ್ದನ್ನ ನೀರು ಹೊಳ್ಳಿ ಕೊಟ್ಟದ್ದು ಕಂಡಿದ್ದಿಲ್ಲ. ಆಕಿ ನನ್ನ ಉಡಿ ಒಲ್ಲೆ ಅಂದ್ಲು. ಅಲ್ಲೇ ಕುಂತು ಎದಿ ಬಡ್ಕೊಂಡು ಅತ್ನಿ.

ನಮ್ಮನಿಯವ್ರು ಬಂದ್ರು. ನನ್ನ ಮುಖಾ ನೋಡಿದ್ರು, ಹೊಳ್ಳಿ ಮಿಸ್ತ್ರಿ ಮುಖಾ ನೋಡಿದ್ರು, ತಿಳೀತು ಅವರಿಗೆ. ಕಾಯಿ ಆರಿಸಿ ನನ್ನ ಉಡ್ಯಾಗ ಹಾಕಿ, "ಹುಚ್ಚಿ, ಹೊಳಿ ಅಲ್ಲ ಇದು. ಇದರ ರೀತೀನ ಹಿಂಗ, ಒಯ್ದದ್ದ ಹೊಳ್ಳಿ ತಂದ ಕೊಡ್ತೈತಿ. ನಿನ್ನ ಗಂಡನ್ನ ನೀನ ಇಟ್ಕೊ ಅನ್ನಾಕತ್ತಾಳ" ಅಂದ್ರು.

ಅರಿವಿ ವ್ಯಾಪಾರಿ ಮಾತು. ಬಣ್ಣ ಹೋಗೂ ಸೀರಿನೂ ಗಟ್ಟಿ ಬಣ್ಣ ಅಂತ ಮಾರಾವ್ರು. ನಾ ನಂಬಲಿಲ್ಲ.

ಸೋಮವಾರ ದವಾಖಾನ್ಯಾಗ ಆ ಉಪ್ಪುಗಟ್ಟಿದ ಖಣ ಉಡ್ಯಾಗ ಇಟ್ಕೊಂಡು ಕುಂತಿದ್ನಿ. ಬಾಜೂಕ ಮಿಸ್ತ್ರಿ ತಸಬಿ ಮಣಿ ಎಣಸ್ತಿದ್ರು. ಮಧ್ಯಾಹ್ನ ತಿರಗಿದ ಮ್ಯಾಲ ಡಾಕ್ಟರು ನಕ್ಕೋತ ಹೊರಗ ಬಂದ್ರು. ನಕ್ಕೋತ ಬಂದವ್ರನ್ನ ನಾ ನಂಬೂದಿಲ್ಲ.

"ನನಗ ತೋರಸ್ರಿ" ಅಂದ್ನಿ.

ಗಾಜಿನ ಬಾಗಲದಾಗಿಂದ ತೋರಿಸಿದ್ರು. ಕಣ್ಣ ಮುಚ್ಚಿದ್ವು. ಎದಿ ಮ್ಯಾಲಿನ ಬಿಳೇ ಚಾದರ ಮೆಲ್ಲಕ ಏರತಿತ್ತು, ಇಳೀತಿತ್ತು. ಪ್ರತಿ ಸಲ ಇಳದಾಗ ನಾ ಉಸರ ಹಿಡದು ನಿಲ್ಲತಿದ್ನಿ. ಪ್ರತಿ ಸಲಾನೂ ಹೊಳ್ಳಿ ಬಂತು.