ದೃಷ್ಟಿ ತಗುಲಿದ ಡ್ರಮ್ಮು

ನಮ್ಮ ಅಡಿಗೆಮನೆಯಲ್ಲಿ ಅತ್ತರೆ ಯಾರಿಗೂ ಕಾರಣ ಹೇಳಬೇಕಾಗಿರಲಿಲ್ಲ. ಒಲೆಗೆ ಹಸಿ ಸೌದೆ ತುರುಕಿ ಊದುಗೊಳವೆ ಹಿಡಿದರೆ ಸಾಕು, ಕಣ್ಣು ಮೂಗು ಎರಡೂ ತಾವಾಗಿ ಸುರಿಯುತ್ತಿದ್ದವು. ಅರವತ್ತರ ದಶಕದ ಮಾತು. ತಮಿಳುನಾಡಿನ ಚಿನ್ನಮನೂರಿನ ಪಕ್ಕ, ಮನೆಯಲ್ಲಿ ಕನ್ನಡ ಆಡುವ ನಮ್ಮ ಜನರ ಹಳ್ಳಿಗೆ ನಾನು ಸೊಸೆಯಾಗಿ ಬಂದಿದ್ದೆ. ಅತ್ತೆ ನನಗೆ ಎರಡು ಕಡೆಯಿಂದಲೂ ಅತ್ತೆ. ಅಪ್ಪನಿಗೆ ಅಕ್ಕ, ಗಂಡನಿಗೆ ತಾಯಿ. ಹಾಗಾಗಿ ನನ್ನನ್ನು ಬೈಯುವ ಹಕ್ಕೂ ಅವರಿಗೆ ಎರಡು ಪಾಲು. ವರ್ಷವಿಡೀ ಅವರ ಕಣ್ಣುಗಳು ಕೆಂಪಗಿರುತ್ತಿದ್ದವು. ಹೊಸಬರು ಕೋಪ ಅಂದುಕೊಳ್ಳುತ್ತಿದ್ದರು. ಅರ್ಧ ಸರಿಯೇ.

ಒಂದು ದಿನ ನನ್ನ ಗಂಡ ವ್ಯವಸಾಯದ ಆಫೀಸರೊಬ್ಬರನ್ನು ಮನೆಗೆ ಕರೆತಂದರು. ಆತ ತಮಿಳಿನಲ್ಲಿ ನಿಧಾನವಾಗಿ ವಿವರಿಸಿದರು: ಗುಂಡಿಯಲ್ಲಿ ಸಗಣಿ ಕದಡಿ, ಮೇಲೆ ಕಬ್ಬಿಣದ ಡ್ರಮ್ಮು ಬೋರಲು ಹಾಕಬೇಕು. ಕಣ್ಣಿಗೆ ಕಾಣದ ಜೀವಗಳು ಒಳಗೆ ಕೂತು ಸಗಣಿ ತಿಂದು ಗ್ಯಾಸು ಬಿಡುತ್ತವೆ. ಆ ಗ್ಯಾಸಿನಲ್ಲಿ ಹೊಗೆಯಿಲ್ಲದೆ ಅಡಿಗೆ ಆಗುತ್ತದೆ. ಹೊಗೆಯಿಲ್ಲದೆ ಅಂದಾಗ ನನಗೆ ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಬಾಗಿಲ ಹಿಂದಿನಿಂದ ಅತ್ತೆಯ ಧ್ವನಿ ಬಂತು.

"ಹುಳ ಬಿಟ್ಟ ಗಾಳೀಲಿ ಬೆಂದ ಕೂಳ್ನ ನಾ ಉಣ್ಣೆ. ನೀವು ಉಂಡ್ಕಳಿ."

"ಅತ್ತೆ, ಸಾಣಿ ಸಾರ್ಸಿದ ನೆಲದ ಮ್ಯಾಲೆ ಎಲೆ ಹಾಕ್ಕಂಡು ಉಣ್ತೀವಿ. ಸಾಣಿ ತಟ್ಟಿದ ವರಟಿ ಉರ್ಸಿ ಪೊಂಗಲ್ ಇಕ್ತೀವಿ. ಅದರ ಗಾಳಿ ಮಾತ್ರ ಆಗಾದಾ?" ಅಂದೆ.

ಅತ್ತೆ ಎರಡು ದಿನ ಎಲೆ ಅಡಿಕೆ ಅಗಿದು ಯೋಚಿಸಿದರು. ಆಮೇಲೆ ಒಂದು ಷರತ್ತು ಹಾಕಿದರು. ನಮ್ಮ ಜನ ದೇವರ ಹೆಸರಲ್ಲಿ ಒಂದು ದನದ ಮಂದೆ ಸಾಕುತ್ತಾರೆ. ಅವಕ್ಕೆ ನೊಗ ಕಟ್ಟುವುದಿಲ್ಲ, ಅವುಗಳ ಹಾಲು ಮಾರುವುದಿಲ್ಲ. ಗುಂಡಿಗೆ ಮೊದಲ ಬುಟ್ಟಿ ಸಗಣಿ ಆ ಮಂದೆಯಿಂದಲೇ ಬರಬೇಕು. ಮಾಮ, ಅಂದರೆ ನನ್ನ ಮಾವ, ಗೊಣಗುತ್ತಲೇ ಹೊತ್ತು ತಂದರು. ದಿಂಡಿಗಲ್ಲಿನಲ್ಲಿ ಬೆಸುಗೆ ಹಾಕಿಸಿದ ಡ್ರಮ್ಮು ಲಾರಿ ಹತ್ತಿ ಬಂತು. ಕೆಲವು ವಾರಗಳಲ್ಲಿ ಗ್ಯಾಸು ತುಂಬಿ ಅದು ಗುಂಡಿಯಿಂದ ಮೆಲ್ಲಗೆ ಮೇಲೆದ್ದಾಗ ಅತ್ತೆ ಅದನ್ನು ಸವರಿ, "ಏಳು ತಿಂಗಳ ಬಸ್ರಿ ಹಂಗೈತೆ" ಅಂದರು. ಅಂದಿನಿಂದ ಅದು ದೇವರ ಬಸಿರು.

ಗ್ಯಾಸಿನ ಹೊಸ ಒಲೆಯಲ್ಲಿ ನೀಲಿ ಉರಿ ಬಂತು. ಮೊದಲು ಕಾಯಿಸಿದ ಹಾಲನ್ನು ಅತ್ತೆ ಬೆಕ್ಕಿಗೆ ಇಟ್ಟರು, ಆಮೇಲೆ ಮಾಮನಿಗೆ ಕೊಟ್ಟರು. ಸಂಜೆವರೆಗೂ ಇಬ್ಬರೂ ಬದುಕಿರುವುದನ್ನು ಖಾತ್ರಿ ಮಾಡಿಕೊಂಡು ಮರುದಿನ ತಾವೂ ಕುಡಿದರು.

ಸುದ್ದಿ ಹಬ್ಬಿತು. ಓಡೈಪಟ್ಟಿಯ ದ್ರಾಕ್ಷಿ ತೋಟದ ನೆಂಟರು ಬಂದರು, ಬೋಡಿಮೆಟ್ಟಿನ ಏಲಕ್ಕಿ ಎಸ್ಟೇಟಿನಿಂದ ಘಾಟಿ ಇಳಿದು ಬಂದರು. ಹೆಂಗಸರು ನೀಲಿ ಉರಿ ನೋಡಿ, "ಪುಣ್ಯ ಮಾಡಿದೋಳು ನೀನು" ಅಂತ ಉದ್ದಕ್ಕೆ ಉಸಿರುಬಿಟ್ಟರು. ಹೊಟ್ಟೆಕಿಚ್ಚಿಗೂ ಹೊಗೆ ಇರುವುದಿಲ್ಲ ಅಂತ ನನಗೆ ಆಗ ಗೊತ್ತಾಯಿತು. ನಾನಂತೂ ಬಂದವರಿಗೆಲ್ಲ ಬೇಕೆಂದೇ ಎರಡೆರಡು ಸಲ ಹಚ್ಚಿ ತೋರಿಸುತ್ತಿದ್ದೆ.

ಅಷ್ಟರಲ್ಲಿ ಡ್ರಮ್ಮು ಇಳಿಯತೊಡಗಿತು. ಉರಿ ದೀಪದ ಕುಡಿಯಷ್ಟಾಯಿತು, ಆಮೇಲೆ ಬರೀ ಬುಸ್ ಅನ್ನುವ ಸದ್ದು, ಕೊನೆಗೆ ಅದೂ ಇಲ್ಲ. ಮಾಮ ಸುತ್ತ ಒಂದು ಪ್ರದಕ್ಷಿಣೆ ಹಾಕಿ ತೀರ್ಪು ಕೊಟ್ಟರು: "ಪೊಂಗಲ್‌ಗೊಳಗೆ ಏಳ್ಲಿಲ್ಲ ಅಂದ್ರೆ ಮಗುಚಿ ಇಟ್ಟು ದನಕ್ಕೆ ತೊಟ್ಟಿ ಮಾಡ್ತೀನಿ." ನಾನು ಮತ್ತೆ ಊದುಗೊಳವೆ ಹಿಡಿದೆ. ನೀಲಿ ಉರಿ ಕಂಡ ಕಣ್ಣಿಗೆ ಆ ಹೊಗೆ ಮೊದಲಿಗಿಂತ ಹೆಚ್ಚು ಉರಿಯಿತು. ಆಫೀಸರು ಬಂದು ಮೂಸಿ ನೋಡಿ, ಒಳಗಿನ ಜೀವಗಳು ಸತ್ತಿರಬೇಕು, ಸೋಪಿನ ನೀರು, ಫಿನಾಯಿಲು ಏನಾದರೂ ಸುರಿದಿರಾ ಅಂತ ಕೇಳಿದರು.

"ಅಂಥಾ ಅಸಿಂಗ್ಯ ನಾವು ಮಾಡಾದಿಲ್ಲ," ಅಂದರು ಅತ್ತೆ, ಮುಖ ಸಿಂಡರಿಸಿ.

ಸುಳ್ಳೇನಲ್ಲ. ಒಂದು ಮಧ್ಯಾಹ್ನ ಹೊಲದಿಂದ ಬೇಗ ಬಂದೆ. ಕೊಟ್ಟಿಗೆಯ ಹಿಂದೆ ಪಿಸುಮಾತು. ಬಗ್ಗಿ ನೋಡಿದರೆ ಅತ್ತೆ ತಟ್ಟೆ ಹಿಡಿದು ಡ್ರಮ್ಮನ್ನು ಸುತ್ತುತ್ತಿದ್ದಾರೆ. ತಟ್ಟೆಯಲ್ಲಿ ಉಪ್ಪು, ಒಣಮೆಣಸಿನಕಾಯಿ, ಹಿಂಡಿದ ನಿಂಬೆ, ಬೇವಿನ ಸೊಪ್ಪು, ಅರಿಸಿನ ಸುಣ್ಣ ಕಲಸಿದ ಕೆಂಪು ನೀರು. "ಓಡೈಪಟ್ಟಿಯೋಳ ಕಣ್ಣು, ಬೋಡಿಮೆಟ್ಟಿನೋಳ ಕಣ್ಣು, ಊರ ಕಣ್ಣು, ಸೊಸೆ ಕಣ್ಣು..." ಅಂದು ಅಷ್ಟನ್ನೂ ಸಗಣಿ ಸುರಿಯುವ ಬಾಯಿಗೇ ಸುರಿದರು.

"ಅತ್ತೆ! ಎಷ್ಟು ದಿನದಿಂದ?"

"ಕೂಗಬ್ಯಾಡ ತಾಯಿ. ಬಂದೋರ್ಗೆಲ್ಲ ಒಂದೊಂದು ದಪ."

ನನಗೆ ತಲೆ ತಿರುಗಿತು. ಜನ ಬಂದಷ್ಟೂ ದೃಷ್ಟಿ, ದೃಷ್ಟಿ ತೆಗೆದಷ್ಟೂ ಡ್ರಮ್ಮು ಇಳಿಯುತ್ತದೆ. ಇಳಿದದ್ದಕ್ಕೆ ಕಾರಣ ಬಲವಾದ ದೃಷ್ಟಿ ಅಂತ ಮೆಣಸಿನಕಾಯಿ ಇನ್ನೊಂದು ಹಿಡಿ ಹೆಚ್ಚು! ಸಿಟ್ಟಿನಲ್ಲಿ ಏನೇನೋ ಅನ್ನುವವಳಿದ್ದೆ. ಅಷ್ಟರಲ್ಲಿ ಅವರೇ ನನ್ನ ಕಡೆ ತಿರುಗಿದರು.

"ನೀ ನಿನ್ನೆ ಮೊನ್ನೆ ಬಂದೋಳು. ನಾ ಈ ಹೊಗೇಲೇ ಮುದುಕಿ ಆದೋಳು. ಸಾಯಾಕ್ ಮುಂಚೆ ನಾಕು ದಿನ ಕಣ್ಣು ಬಿಟ್ಕಂಡು ಅಡಿಗೆ ಮಾಡಾನ ಅಂದ್ರೆ ಇವರ ಕಣ್ಣು ಬಿಡಾದಿಲ್ವೇ," ಅಂದರು.

ಆ ಒಲೆಯ ಆಸೆ ನನಗೊಬ್ಬಳಿಗೇ ಅಂದುಕೊಂಡಿದ್ದೆ. ಅತ್ತೆಯ ಮೇಲೆ ಅಂಥ ಪ್ರೀತಿ ಅದುವರೆಗೂ ಬಂದಿರಲಿಲ್ಲ. ಹತ್ತಿರ ಹೋಗಿ ಕೇಳಿದೆ: "ಅತ್ತೆ, ಬಸ್ರಿಗೆ ದೃಷ್ಟಿ ತೆಗೆದ ನೀರ್ನ ಬಸ್ರಿಗೇ ಕುಡಿಸ್ತೀವಾ?"

ಅತ್ತೆ ತಟ್ಟೆ ನೋಡಿದರು, ಗುಂಡಿಯ ಬಾಯಿ ನೋಡಿದರು. "ಅಯ್ಯಯ್ಯೋ, ದೇವರ ಬಸ್ರಿಗೆ ಮೆಣಸಿನಕಾಯಿ ತಿನ್ನಿಸ್ಬಿಟ್ನಲ್ಲ!" ಅಂತ ಕೆನ್ನೆ ಕೆನ್ನೆ ಬಡಿದುಕೊಂಡರು.

ಇಬ್ಬರೂ ಸೀರೆ ಎತ್ತಿಕಟ್ಟಿ, ಬೇವು ನಿಂಬೆ ತೇಲುತ್ತಿದ್ದ ಬಗ್ಗಡವನ್ನು ಮೊಗೆಮೊಗೆದು ತೆಂಗಿನ ಬುಡಕ್ಕೆ ಸುರಿದೆವು. ದೇವರ ಮಂದೆಯಿಂದ ಮತ್ತೆ ಸಗಣಿ ತಂದು ಹಾಕಿದೆವು. ದೃಷ್ಟಿಯ ತಟ್ಟೆ ಹೊಸಿಲಿಗೆ ಬಂತು. ಕಣ್ಣು ಇರುವುದು ಬಂದವರ ಹತ್ತಿರ, ತೆಗೆಯಬೇಕಾದ್ದೂ ಅವರಿಗೇ ಅನ್ನುವುದು ಅತ್ತೆಯ ಹೊಸ ನ್ಯಾಯ. ಬಂದವರಿಗೆ ಮೆಣಸಿನಕಾಯಿ ನಿವಾಳಿಸಿ, ಕೆಂಪು ನೀರನ್ನು ಅವರ ಕಾಲಬುಡಕ್ಕೇ ಚೆಲ್ಲುತ್ತಿದ್ದರು. ನೆಂಟರು ಬರುವುದನ್ನೇ ಬಿಟ್ಟರು. ಪೊಂಗಲ್‌ಗೆ ಮುಂಚೆ ಡ್ರಮ್ಮು ಎದ್ದಿತು. ತಮ್ಮ ಬೆದರಿಕೆಗೆ ಹೆದರಿ ಎದ್ದಿತು ಅಂತ ಮಾಮ ಊರೆಲ್ಲ ಹೇಳಿಕೊಂಡು ಬಂದರು.

ಹಬ್ಬದ ದಿನ ಪಂಕ್ತಿಯಲ್ಲಿ ಕೂತ ಮಾಮ, ಸಾರಿಗೆ ಉಪ್ಪಿಲ್ಲ ಅಂತ ಎಲ್ಲರೆದುರು ನನ್ನ ತವರನ್ನು ಎತ್ತಾಡಿದರು. ಆ ತವರೇ ತಮ್ಮ ಹೆಂಡತಿಯದೂ ಅನ್ನುವುದು ಅವರಿಗೆ ಮರೆತುಹೋಗಿತ್ತು. ನಾನು ಒಳಗೆ ಹೋಗಿ, ರೂಢಿಯಂತೆ ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಹಿಂದೆಯೇ ನೀರಿಗೆ ಬಂದ ಮಾಮ ಕೇಳಿದರು: "ಯಾಕೆ, ಅಳ್ತಾ ಇದೀಯಾ?"

"ಇಲ್ಲ ಮಾಮ, ಹೊಗೆ," ಅಂದೆ.

ಮಾಮ ನೀಲಿ ಉರಿಯನ್ನು ನೋಡಿದರು. ನನ್ನನ್ನು ನೋಡಿದರು. ನೀರು ಕುಡಿಯದೆಯೇ ಹೊರಟುಹೋದರು.

ಅತ್ತೆ ಬಂದು ಮೂಲೆಯಲ್ಲಿದ್ದ ಹಳೆಯ ಮಣ್ಣಿನ ಒಲೆಯನ್ನು ಸೆರಗಿನಿಂದ ಒರೆಸಿದರು. "ಇದನ್ನ ಕೆಡವಬ್ಯಾಡ ತಾಯಿ," ಅಂದರು ಮೆಲ್ಲಗೆ. "ನಾನೂ ಇಷ್ಟು ವರ್ಷ ಹೊಗೆ ಅಂತಲೇ ಹೇಳಿದ್ದು."